‘ತರಬಹುದು’ ಅಂದದ್ದು ‘ತರಬೇಕು’ ಆದ ಬಗೆ

ನಮ್ಮ ಕಂಪ್ಯೂಟರ್ ಲ್ಯಾಬ್‌ನ ಬಾಗಿಲಿಗೆ ಒಂದು ಚೀಟಿ ಅಂಟಿಸಿದೆ. ಅಂಟಿಸಿದವಳು ನಾನೇ. ‘ಬೇಕಿದ್ದವರು ತಮ್ಮ ಲ್ಯಾಪ್‌ಟಾಪ್ ತರಬಹುದು’ ಅಂತ ಒಂದೇ ಸಾಲು. ಐದಾರು ವರ್ಷ ಆಗಿರಬೇಕು. ಅದನ್ನು ಬರೆದ ದಿನ ನನಗೆ ನಿಜವಾಗಿ ಖುಷಿಯಾಗಿತ್ತು. ಅದಕ್ಕೂ ಮುಂಚೆ ಲ್ಯಾಬ್ ಅಂದರೆ ಬರೀ ‘ಬೇಡ’ಗಳ ಜಾಗವಾಗಿತ್ತು. ಬ್ಯಾಗ್ ಒಳಗೆ ತರಬೇಡಿ, ಪೆನ್‌ಡ್ರೈವ್ ಹಾಕಬೇಡಿ, ಏನನ್ನೂ ಇನ್‌ಸ್ಟಾಲ್ ಮಾಡಬೇಡಿ, ಸಿಸ್ಟಮ್‌ನ ಸೆಟ್ಟಿಂಗ್ಸ್ ಮುಟ್ಟಬೇಡಿ. ಅಷ್ಟು ‘ಬೇಡ’ಗಳ ನಡುವೆ ಒಂದು ‘ಬಹುದು’ ಬಂತಲ್ಲ ಅನ್ನುವ ಸಮಾಧಾನ ನನ್ನದು.

ಈ ಸೆಮಿಸ್ಟರ್ ಶುರುವಾದ ಮೊದಲ ವಾರ ಒಬ್ಬ ಹುಡುಗಿ ಬಂದಳು. ಒಳಗೆ ಬರಲಿಲ್ಲ, ಬಾಗಿಲ ಹತ್ತಿರವೇ ನಿಂತಳು. “ಮೇಡಂ, ಲ್ಯಾಪ್‌ಟಾಪ್ ಇಲ್ದಿದ್ರೆ ಈ ಕೋರ್ಸ್ ತಗೋಳಕ್ಕಾಗಲ್ವಾ?” ಅಂತ ಕೇಳಿದಳು. ಆ ಚೀಟಿ ಅವಳ ಭುಜದ ಪಕ್ಕದಲ್ಲೇ ಇತ್ತು. ಅವಳು ಅದನ್ನು ಓದಿಯೇ ಕೇಳಿದ್ದಳು. ‘ತರಬಹುದು’ ಅಂತ ಬರೆದದ್ದನ್ನು ‘ತರಬೇಕು’ ಅಂತ ಓದಿಕೊಂಡಿದ್ದಳು. ತಪ್ಪು ಓದಿದ್ದೀಯಮ್ಮ ಅಂತ ಹೇಳಲು ಬಾಯಿ ತೆರೆದೆ. ಆಮೇಲೆ ಅವಳ ಹಿಂದೆ ಕಾಣುತ್ತಿದ್ದ ಲ್ಯಾಬನ್ನು ನೋಡಿದೆ. ಅರವತ್ತು ಸೀಟಿನ ಕೋಣೆಯಲ್ಲಿ ಉಳಿದಿದ್ದ ಸಿಸ್ಟಮ್‌ಗಳು ಹನ್ನೆರಡು. ಅದರಲ್ಲಿ ಮೂರು ಆನ್ ಆಗುತ್ತಿರಲಿಲ್ಲ. ಅವಳು ಸರಿಯಾಗೇ ಓದಿದ್ದಳು.

ಆವತ್ತಿನಿಂದ ಈ ಎರಡು ಪದಗಳು ತಲೆಯಲ್ಲಿ ಸುತ್ತುತ್ತಿವೆ. ‘ಬಹುದು’ ಯಾವ ದಿನ ‘ಬೇಕು’ ಆಯಿತು? ಯಾರೂ ಆದೇಶ ಹೊರಡಿಸಲಿಲ್ಲ. ಯಾವ ಸಭೆಯಲ್ಲೂ ತೀರ್ಮಾನ ಆಗಲಿಲ್ಲ. ಚೀಟಿಯಲ್ಲಿ ಒಂದು ಅಕ್ಷರವೂ ಬದಲಾಗಲಿಲ್ಲ.

ಒಂದೊಂದೇ ಟೇಬಲ್

ನೆನಪು ಮಾಡಿಕೊಂಡು ನೋಡಿದರೆ ಅದು ನಡೆದದ್ದು ಹೀಗೆ. ಮೊದಲ ವರ್ಷ ಅರವತ್ತು ಜನರಲ್ಲಿ ಆರೇಳು ಮಂದಿ ತಮ್ಮ ಲ್ಯಾಪ್‌ಟಾಪ್ ತಂದರು. ಕೀಬೋರ್ಡ್ ಪಕ್ಕಕ್ಕೆ ಸರಿಸಿ, ಮಾನಿಟರ್ ಹಿಂದಕ್ಕೆ ತಳ್ಳಿ, ಹೇಗೋ ಜಾಗ ಮಾಡಿಕೊಂಡು ಕೂತರು. ಮರುವರ್ಷ ಅರ್ಧ ಕ್ಲಾಸ್ ತಂದಿತು. ಟೇಬಲ್ ಮೇಲೆ ಎರಡೆರಡು ಯಂತ್ರ ಇಕ್ಕಟ್ಟಾಗುತ್ತದೆ ಅಂತ ಕೊನೆಯ ಎರಡು ಸಾಲಿನ ಸಿಸ್ಟಮ್‌ಗಳನ್ನು ತೆಗೆದೆವು. ತೆಗೆಯಿರಿ ಅಂತ ಹೇಳಿದವರಲ್ಲಿ ನಾನೂ ಒಬ್ಬಳು. ಆಮೇಲೆ ಕೆಟ್ಟ ಸಿಸ್ಟಮ್‌ಗಳ ರಿಪೇರಿ ನಿಂತಿತು. ಹೇಗೂ ಎಲ್ಲರ ಹತ್ತಿರ ಲ್ಯಾಪ್‌ಟಾಪ್ ಇದೆಯಲ್ಲ ಅನ್ನುವ ಮಾತು ಬಂತು. ಆ ಮಾತಿನಲ್ಲಿ ‘ಎಲ್ಲರ’ ಅನ್ನುವುದು ನಿಜವಾ ಅಂತ ಯಾರೂ ಎಣಿಸಲಿಲ್ಲ. ನಾನೂ ಎಣಿಸಲಿಲ್ಲ. ನಂತರ ಲ್ಯಾಬ್ ಹಾಳೆಯ ಮೊದಲ ಸಾಲು ಬದಲಾಯಿತು. ಮೊದಲು ‘ಲಾಗಿನ್ ಆಗಿ’ ಅಂತ ಇರುತ್ತಿತ್ತು. ಈಗ ‘ಮನೆಯಲ್ಲೇ ಇನ್‌ಸ್ಟಾಲ್ ಮಾಡಿಕೊಂಡು ಬನ್ನಿ’ ಅಂತ ಇದೆ. ಆ ಹಾಳೆ ಬರೆದದ್ದೂ ನಾನೇ.

ಈ ಒಂದೊಂದು ಹೆಜ್ಜೆಯೂ ಆ ಹೊತ್ತಿಗೆ ಸರಿಯಾಗೇ ಕಂಡಿತ್ತು. ಸಿಸ್ಟಮ್ ಖಾಲಿ ಬಿದ್ದಿದ್ದು ನಿಜ. ಟೇಬಲ್ ಇಕ್ಕಟ್ಟಾಗಿದ್ದೂ ನಿಜ. ಆದರೆ ಕೂಡಿಸಿ ನೋಡಿದರೆ ಒಂದು ದೊಡ್ಡ ಹೊರೆ ಲ್ಯಾಬ್‌ನ ಟೇಬಲ್‌ನಿಂದ ಎದ್ದು ಹುಡುಗರ ಬ್ಯಾಗಿಗೆ ಹೋಗಿ ಸೇರಿಕೊಂಡಿದೆ. ಸದ್ದೇ ಇಲ್ಲದೆ.

ಗೋಡೆ ಪಕ್ಕದ ಹುಡುಗ

ಎರಡು ವರ್ಷದ ಹಿಂದಿನ ಬ್ಯಾಚ್‌ನಲ್ಲಿ ಒಬ್ಬ ಹುಡುಗ ಇದ್ದ. ಪ್ರತಿ ಲ್ಯಾಬ್‌ಗೂ ಎಲ್ಲರಿಗಿಂತ ಮುಂಚೆ ಬಂದು ಹಿಂದಿನ ಸಾಲಿನ ಗೋಡೆ ಪಕ್ಕದ ಸೀಟು ಹಿಡಿಯುತ್ತಿದ್ದ. ಬೋರ್ಡ್ ಅಲ್ಲಿಗೆ ಸರಿಯಾಗಿ ಕಾಣುವುದಿಲ್ಲ. ನಾನು ಮಾತಾಡಿದ್ದೂ ಅರ್ಧ ಕೇಳುವುದಿಲ್ಲ. ಮುಂದೆ ಬಾ ಅಂತ ಎರಡು ಮೂರು ಸಲ ಕರೆದೆ. “ಇಲ್ಲೇ ಇರ್ತೀನಿ ಮೇಡಂ” ಅನ್ನುತ್ತಿದ್ದ. ಇವನಿಗೆ ಆಸಕ್ತಿ ಕಮ್ಮಿ, ನನ್ನ ಕಣ್ಣು ತಪ್ಪಿಸಿ ಕೂರುತ್ತಾನೆ ಅಂತ ಅಂದುಕೊಂಡೆ. ಹಾಗೆ ಅಂದುಕೊಂಡದ್ದು ಈಗಲೂ ಚುಚ್ಚುತ್ತದೆ.

ಒಂದು ದಿನ ಮೂರು ಗಂಟೆಯ ಲ್ಯಾಬ್. ಲಿಂಕ್ಡ್ ಲಿಸ್ಟ್ ಬರೆಯುವುದಿತ್ತು. ಎರಡು ಗಂಟೆ ಕಳೆದಿತ್ತು. ಯಾರೋ ನೀರು ಕುಡಿಯಲು ಎದ್ದು ಹೋಗುವಾಗ ಕಾಲಿಗೆ ಒಂದು ವೈರ್ ಸಿಕ್ಕಿತು. ಹೆಚ್ಚೇನೂ ಆಗಲಿಲ್ಲ, ಚಾರ್ಜರ್ ಪಿನ್ ಅರ್ಧ ಇಂಚು ಹೊರಗೆ ಬಂತು ಅಷ್ಟೇ. ಬೇರೆ ಯಾರ ಲ್ಯಾಪ್‌ಟಾಪ್ ಆಗಿದ್ದರೂ ಬ್ಯಾಟರಿಯ ಮೇಲೆ ಓಡುತ್ತಿತ್ತು. ಈ ಹುಡುಗನ ಸ್ಕ್ರೀನ್ ಪಟ್ ಅಂತ ಕಪ್ಪಾಯಿತು. ನಾನು ಹತ್ತಿರ ಹೋದೆ. ಆಗ ಗೊತ್ತಾಯಿತು. ಬ್ಯಾಟರಿ ಪೂರ್ತಿ ಸತ್ತು ಹೋಗಿತ್ತು. ವೈರ್ ಅಲ್ಲಾಡಿದರೂ ಸಾಕು, ಆಫ್. ಗೋಡೆಯ ಪ್ಲಗ್ ಪಾಯಿಂಟ್ ಬಿಟ್ಟರೆ ಅವನಿಗೆ ಬೇರೆ ಸೀಟೇ ಇರಲಿಲ್ಲ. ಮುಂಚೆ ಬರುತ್ತಿದ್ದದ್ದು ಆ ಸೀಟಿಗಾಗಿ. ಇನ್ನೊಂದು ಕಾರಣವೂ ಇತ್ತು. ಅದು ಆನ್ ಆಗಿ, ಎಡಿಟರ್ ತೆರೆದು, ಕೆಲಸಕ್ಕೆ ಸಿದ್ಧವಾಗಲು ಹತ್ತು ನಿಮಿಷ ಹಿಡಿಯುತ್ತಿತ್ತು. ಎಲ್ಲರ ಜೊತೆ ಬಂದರೆ ಎಲ್ಲರಿಗಿಂತ ಹಿಂದೆ ಬೀಳುತ್ತಿದ್ದ.

ಫೈಲ್ ಕೊನೆಯ ಸಲ ಸೇವ್ ಆಗಿದ್ದು ಸುಮಾರು ನಲವತ್ತು ನಿಮಿಷದ ಹಿಂದೆ. ನಾನು ತುಂಬಾ ಬೇಜಾರು ಮಾಡಿಕೊಂಡೆ. ಅವನು ಮಾಡಿಕೊಳ್ಳಲಿಲ್ಲ. ಪಿನ್ ಮತ್ತೆ ಚುಚ್ಚಿ, ಪವರ್ ಬಟನ್ ಒತ್ತಿ, ನನ್ನ ಕಡೆ ತಿರುಗಿ ಹೇಳಿದ: “ಪರವಾಗಿಲ್ಲ ಮೇಡಂ, ನಂದೇ ಲ್ಯಾಪ್‌ಟಾಪ್ ಸರಿ ಇಲ್ಲ.”

ಆ ‘ನಂದೇ’ ಅನ್ನುವ ಮಾತು ನನ್ನ ಜೊತೆ ಮನೆಗೆ ಬಂತು. ಮೊದಲು ಲ್ಯಾಬ್ ಸಿಸ್ಟಮ್ ನಿಂತು ಹೋದರೆ ಹುಡುಗರು ಏನು ಹೇಳುತ್ತಿದ್ದರು? “ಮೇಡಂ, ನಿಮ್ಮ ಸಿಸ್ಟಮ್ ಹ್ಯಾಂಗ್ ಆಯ್ತು” ಅನ್ನುತ್ತಿದ್ದರು. ಜೋರಾಗಿ, ಕೈ ಎತ್ತಿ, ಸ್ವಲ್ಪ ಸಿಟ್ಟಿನಿಂದಲೇ. ಅವರು ಹಾಗೆ ಅನ್ನಬಹುದಿತ್ತು. ಸಿಸ್ಟಮ್ ನಮ್ಮದು, ಕೆಟ್ಟರೆ ಜವಾಬ್ದಾರಿಯೂ ನಮ್ಮದು. ಲ್ಯಾಬ್ ಅಸಿಸ್ಟೆಂಟ್ ಬಂದು ಬೇರೆ ಸೀಟಿಗೆ ಕಳಿಸುತ್ತಿದ್ದರು, ಹೋದ ಹೊತ್ತನ್ನು ಕೊನೆಗೆ ಕೂಡಿಸಿ ಕೊಡುತ್ತಿದ್ದೆವು. ಈಗ ಅದೇ ತೊಂದರೆ, ಅದೇ ಕೋಣೆ, ಅದೇ ಪರೀಕ್ಷೆ. ಆದರೆ ಹುಡುಗ ನನ್ನ ಹತ್ತಿರ ಕ್ಷಮೆ ಕೇಳುವವನ ಹಾಗೆ ಮಾತಾಡುತ್ತಾನೆ. ‘ನಿಮ್ಮ ಸಿಸ್ಟಮ್’ ಹೋಗಿ ‘ನಂದೇ ಲ್ಯಾಪ್‌ಟಾಪ್’ ಬಂದಾಗ ದೂರು ಹೇಳುವ ಹಕ್ಕೂ ಅದರ ಜೊತೆಗೇ ಹೋಯಿತು. ನನಗೆ ಎಲ್ಲಕ್ಕಿಂತ ಜಾಸ್ತಿ ನೋವಾಗುವುದು ಇದಕ್ಕೆ.

ಮೊದಲು ಹೇಗಿತ್ತು

ಕಂಪ್ಯೂಟರ್ ವಿದ್ಯಾರ್ಥಿಯದೋ ವಿಶ್ವವಿದ್ಯಾಲಯದ್ದೋ ಅನ್ನುವ ಪ್ರಶ್ನೆ ಹೊಸದಲ್ಲ. 1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಜಾನ್ ಕೆಮನಿ ಮತ್ತು ಥಾಮಸ್ ಕರ್ಟ್ಜ್ ಬೇಸಿಕ್ ಅನ್ನುವ ಪ್ರೋಗ್ರಾಂ ಭಾಷೆಯನ್ನೂ, ಒಂದೇ ಯಂತ್ರವನ್ನು ಹಲವರು ಒಟ್ಟಿಗೆ ಬಳಸುವ ಟೈಮ್‌ಶೇರಿಂಗ್ ವ್ಯವಸ್ಥೆಯನ್ನೂ ಒಟ್ಟಿಗೆ ತಂದರು. ಒಂದೇ ದೊಡ್ಡ ಯಂತ್ರ, ಅದಕ್ಕೆ ಹತ್ತಾರು ಟೆಲಿಟೈಪ್‌ಗಳು, ಅಂದರೆ ಕೀ ಒತ್ತಿ ಬರೆದು ಉತ್ತರವನ್ನು ಕಾಗದದ ಮೇಲೆ ಪಡೆಯುವ ಟೈಪ್‌ರೈಟರ್ ಥರದ ಯಂತ್ರಗಳು. ವಿಜ್ಞಾನ ಓದದ ಹುಡುಗರೂ ಬಂದು ಟೆಲಿಟೈಪ್ ಮುಂದೆ ಕೂತು ಪ್ರೋಗ್ರಾಂ ಬರೆಯಬಹುದು ಅನ್ನುವುದು ಅವರ ಆಸೆ. ಲೈಬ್ರರಿಗೆ ಹೋಗಿ ಪುಸ್ತಕ ತೆಗೆದಷ್ಟು ಸಲೀಸಾಗಿ ಕಂಪ್ಯೂಟರ್ ಸಿಗಬೇಕು ಅನ್ನುವುದು ಕೆಮನಿಯವರ ನಿಲುವು. ಅಲ್ಲಿ ಯಂತ್ರ ಯಾರದ್ದೂ ಅಲ್ಲ, ಹಾಗಾಗಿ ಎಲ್ಲರದ್ದು.

1983 ನನಗೆ ತುಂಬಾ ಕುತೂಹಲದ ವರ್ಷ. ಆ ವರ್ಷ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಪ್ರಾಜೆಕ್ಟ್ ಅಥೀನಾ ಶುರುವಾಯಿತು. ಕ್ಯಾಂಪಸ್‌ನ ಯಾವ ವರ್ಕ್‌ಸ್ಟೇಷನ್ ಮುಂದೆ ಕೂತು ಲಾಗಿನ್ ಆದರೂ ನಿಮ್ಮ ಫೈಲ್‌ಗಳು, ನಿಮ್ಮ ಸೆಟ್ಟಿಂಗ್ಸ್ ಅಲ್ಲಿಗೇ ಬರಬೇಕು ಅನ್ನುವುದು ಅದರ ಗುರಿ. ಲಾಗಿನ್ ಸುರಕ್ಷಿತವಾಗಿರಲಿ ಅಂತ ಕರ್ಬರೋಸ್ ಬಂದದ್ದು, ಸ್ಕ್ರೀನ್ ಮೇಲೆ ಕಿಟಕಿಗಳನ್ನು ಮೂಡಿಸಲು ಎಕ್ಸ್ ವಿಂಡೋ ಸಿಸ್ಟಮ್ ಬೆಳೆದದ್ದು ಆ ಪ್ರಾಜೆಕ್ಟ್‌ನ ಸುತ್ತಲೇ. ಇವತ್ತಿಗೂ ದೊಡ್ಡ ದೊಡ್ಡ ಕಚೇರಿಗಳ ಲಾಗಿನ್ ಹಿಂದೆ ಕರ್ಬರೋಸ್ ಇದೆ. ಅದೇ 1983ರಲ್ಲಿ ಡ್ರೆಕ್ಸೆಲ್ ವಿಶ್ವವಿದ್ಯಾಲಯ ಇದಕ್ಕೆ ಪೂರ್ತಿ ಉಲ್ಟಾ ದಾರಿ ಹಿಡಿಯಿತು. ಹೊಸದಾಗಿ ಸೇರುವ ಪ್ರತಿ ವಿದ್ಯಾರ್ಥಿಗೂ ಸ್ವಂತ ಕಂಪ್ಯೂಟರ್ ಕಡ್ಡಾಯ ಅಂತ ನಿಯಮ ಮಾಡಿತು. 1984ರಲ್ಲಿ ಅವರ ಕೈಗೆ ಆಪಲ್ ಕಂಪನಿಯ ಮ್ಯಾಕಿಂಟಾಷ್ ಬಂತು.

ಮೊದಲ ನೋಟಕ್ಕೆ ನಮ್ಮ ಇವತ್ತಿನ ಲ್ಯಾಬ್ ಡ್ರೆಕ್ಸೆಲ್ ದಾರಿಯಲ್ಲಿದೆ ಅನ್ನಿಸುತ್ತದೆ. ಸ್ವಲ್ಪ ನಿಂತು ಯೋಚಿಸಿದರೆ ಹಾಗಲ್ಲ. ಅಲ್ಲಿ ‘ಬೇಕು’ ಅನ್ನುವುದನ್ನು ಬಾಯಿಬಿಟ್ಟು ಹೇಳಿದ್ದರು. ಹೇಳಿದ ಮೇಲೆ ಕಂಪನಿಯ ಜೊತೆ ಮಾತಾಡಿ, ರಿಯಾಯಿತಿಯಲ್ಲಿ, ಎಲ್ಲರಿಗೂ ಒಂದೇ ಮಾಡೆಲ್ ಸಿಗುವ ಹಾಗೆ ಮಾಡಿದ್ದರು. ಸ್ವಂತದ್ದು ಅಂದರೂ ಅದು ಒಂದೇ ಥರದ್ದು. ಪಕ್ಕದವನದ್ದು ಓಡಿದರೆ ನನ್ನದೂ ಓಡುತ್ತದೆ. ನಾವು ಮಾತ್ರ ಕಡ್ಡಾಯ ಅನ್ನುವ ಮಾತನ್ನೂ ಆಡಲಿಲ್ಲ, ಕಡ್ಡಾಯ ಮಾಡಿದವರು ಹೊರಬೇಕಾದ ಭಾರವನ್ನೂ ಹೊರಲಿಲ್ಲ. ‘ಬಹುದು’ ಅನ್ನುವ ಮೆತ್ತನೆಯ ಪದದ ಹಿಂದೆ ಕೂತುಬಿಟ್ಟೆವು.

ಅದೃಷ್ಟದಿಂದ ಬಂದ ಉತ್ತರ

ಇಷ್ಟು ಓದಿದವರಿಗೆ ನಾನು ಲ್ಯಾಪ್‌ಟಾಪ್ ಬೇಡ ಅನ್ನುವವಳು ಅಂತ ಅನ್ನಿಸಬಹುದು. ಅಲ್ಲ. ಸ್ವಂತ ಯಂತ್ರದಲ್ಲಿ ಕಲಿಯುವುದರಿಂದ ಸಿಗುವ ಲಾಭ ಎಷ್ಟು ಅಂತ ಕಣ್ಣಾರೆ ನೋಡಿದ್ದೇನೆ. ಲ್ಯಾಬ್ ಸಿಸ್ಟಮ್‌ನಲ್ಲಿ ಕಲಿತವರು ಎಷ್ಟೋ ಸಲ ಕಂಪೈಲರ್ (ನಾವು ಬರೆದ ಪ್ರೋಗ್ರಾಂ ಅನ್ನು ಯಂತ್ರದ ಭಾಷೆಗೆ ತಿರುಗಿಸುವ ಸಾಫ್ಟ್‌ವೇರ್) ಎಲ್ಲಿಂದ ಬಂತು, ಹೇಗೆ ಕೂತಿದೆ ಅಂತ ತಿಳಿಯದೆಯೇ ಡಿಗ್ರಿ ಮುಗಿಸುತ್ತಿದ್ದರು. ಯಾರೋ ಸಿದ್ಧ ಮಾಡಿಟ್ಟದ್ದರಲ್ಲಿ ಬರೆದು ಹೋಗುವುದಷ್ಟೇ. ಎಷ್ಟೋ ಲ್ಯಾಬ್‌ಗಳಲ್ಲಿ ಸಿಸ್ಟಮ್ ರೀಸ್ಟಾರ್ಟ್ ಆದರೆ ಮಾಡಿದ ಬದಲಾವಣೆಯೆಲ್ಲ ಅಳಿಸಿ ಹೋಗುವ ಹಾಗೆ ಸಾಫ್ಟ್‌ವೇರ್ ಹಾಕಿರುತ್ತಾರೆ. ನಿರ್ವಹಣೆಗೆ ಅದು ಒಳ್ಳೆಯದು. ಕಲಿಯುವವರಿಗೆ ಮಾತ್ರ ಕೆಡಿಸುವ ಅವಕಾಶವೇ ಇಲ್ಲ, ಹಾಗಾಗಿ ಸರಿಮಾಡುವ ಅವಕಾಶವೂ ಇಲ್ಲ. ತನ್ನದೇ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಹಾಕಲು ಹೋಗಿ, ಅದು ಬೂಟ್ ಆಗದೆ, ಎರಡು ರಾತ್ರಿ ಕೂತು ಸರಿ ಮಾಡಿಕೊಂಡ ಹುಡುಗನಿಗೆ ಬೂಟ್‌ಲೋಡರ್ ಅಂದರೇನು ಅಂತ ನಾನು ಪಾಠ ಮಾಡಬೇಕಾಗಿಲ್ಲ.

ಒಂದು ಮಧ್ಯಾಹ್ನ ಮರೆಯುವುದಿಲ್ಲ. ಒಬ್ಬ ವಿದ್ಯಾರ್ಥಿನಿ ಅಂಕಿಗಳ ಪಟ್ಟಿ ಓದಿ ಮೊತ್ತ ಹೇಳುವ ಸಣ್ಣ ಸಿ ಪ್ರೋಗ್ರಾಂ ಬರೆದಿದ್ದಳು. ಅವಳ ಲ್ಯಾಪ್‌ಟಾಪ್‌ನಲ್ಲಿ ಸರಿಯಾದ ಉತ್ತರ. ನಮ್ಮ ಸರ್ವರ್‌ಗೆ ಹಾಕಿದರೆ ಎಲ್ಲೋ ಕೋಟಿಗಟ್ಟಲೆ ಇರುವ ಅಂಕಿ. ಅವಳು ಮೂರು ಸಲ ನನ್ನ ಕಣ್ಣ ಮುಂದೆ ಓಡಿಸಿ ತೋರಿಸಿದಳು. ಮೂರು ಸಲವೂ ಸರಿ. “ಸರ್ವರ್ ತಪ್ಪು ಹೇಳ್ತಿದೆ ಮೇಡಂ” ಅಂದಳು. ನಾನು ಅವಳ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. ಮೊದಲು ಇನ್‌ಪುಟ್ ಫೈಲ್ ನೋಡಿದೆವು. ವಿಂಡೋಸ್‌ನಲ್ಲಿ ಸಾಲು ಮುಗಿದಾಗ ಎರಡು ಅಕ್ಷರ ಬೀಳುತ್ತವೆ, ಲಿನಕ್ಸ್‌ನಲ್ಲಿ ಒಂದು. ಅದು ಕಾರಣ ಆಗಿರಲಿಲ್ಲ. ಆಮೇಲೆ ಟೈಪ್‌ಗಳನ್ನು, ಅಂದರೆ ಅಂಕಿಗಳನ್ನು ಇಡುವ ಖಾನೆಗಳ ಬಗೆಗಳನ್ನು, ನೋಡಿದೆವು. 64 ಬಿಟ್ ವಿಂಡೋಸ್‌ನಲ್ಲಿ ‘ಲಾಂಗ್’ ಅಂದರೆ 4 ಬೈಟ್, 64 ಬಿಟ್ ಲಿನಕ್ಸ್‌ನಲ್ಲಿ 8 ಬೈಟ್. ಇದನ್ನು ಕೇಳಿ ಅವಳು ಕಣ್ಣು ಅರಳಿಸಿದಳು. ಒಂದೇ ಭಾಷೆ ಅಲ್ವಾ ಅಂತ ಕೇಳಿದಳು. ಆದರೆ ಅದೂ ಕಾರಣವಲ್ಲ. ಕೊನೆಗೆ ಎಚ್ಚರಿಕೆಗಳನ್ನೆಲ್ಲ ತೋರಿಸು ಅಂತ ಕಂಪೈಲರ್‌ಗೆ ಹೇಳಿ ಮತ್ತೆ ಕಂಪೈಲ್ ಮಾಡಿದೆವು. ಒಂದೇ ಒಂದು ಸಾಲು ಬಂತು. ಮೊತ್ತ ಇಡುವ ವೇರಿಯಬಲ್‌ಗೆ ಅವಳು ಮೊದಲು ಸೊನ್ನೆ ಹಾಕಿರಲಿಲ್ಲ.

ಅವಳ ಲ್ಯಾಪ್‌ಟಾಪ್‌ನಲ್ಲಿ ಆ ಜಾಗದ ಮೆಮೊರಿಯಲ್ಲಿ ಸುಮ್ನೆ ಸೊನ್ನೆ ಇತ್ತು. ಸರ್ವರ್‌ನಲ್ಲಿ ಹಿಂದೆ ಯಾವುದೋ ಕೆಲಸ ಬಿಟ್ಟು ಹೋದ ಕಸ ಇತ್ತು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: “ಹಂಗಾದ್ರೆ ನಂಗೆ ಸರಿ ಬಂದಿದ್ದು ಅದೃಷ್ಟನಾ ಮೇಡಂ?”

ಹೌದು, ಅದೃಷ್ಟ. ಈ ಪಾಠವನ್ನು ನಾನು ಬೋರ್ಡ್ ಮೇಲೆ ಹತ್ತು ವರ್ಷ ಬರೆದಿದ್ದೇನೆ. ವೇರಿಯಬಲ್‌ಗೆ ಮೊದಲ ಬೆಲೆ ಕೊಡಿ, ಕೊಡಿ, ಕೊಡಿ ಅಂತ. ಯಾರಿಗೂ ಹೀಗೆ ನಾಟಿರಲಿಲ್ಲ. ಅರವತ್ತು ಸಿಸ್ಟಮ್‌ಗಳೂ ಒಂದೇ ಥರ ಇದ್ದ ಕಾಲದಲ್ಲಿ ಅವಳ ಪ್ರೋಗ್ರಾಂ ಅರವತ್ತರಲ್ಲೂ ಸರಿ ಉತ್ತರ ಕೊಟ್ಟುಬಿಡುತ್ತಿತ್ತೇನೋ. ಎರಡು ಬೇರೆ ಯಂತ್ರಗಳು ಬೇರೆ ಬೇರೆ ಮಾತಾಡಿದ್ದಕ್ಕೆ ತಪ್ಪು ಹೊರಗೆ ಬಂತು. ಇದನ್ನೇ ಹಿಡಿದು ಈಗ ಮೂರನೇ ವಾರದಲ್ಲಿ ಒಂದು ಇಡೀ ಲ್ಯಾಬ್ ಮಾಡುತ್ತೇನೆ. ಒಂದೇ ಪ್ರೋಗ್ರಾಂ, ಎಲ್ಲರ ಯಂತ್ರದಲ್ಲೂ ಓಡಿಸಿ, ಏನೇನು ಬದಲಾಗುತ್ತದೆ ನೋಡಿ. ಫೈಲ್ ಹೆಸರಿನಲ್ಲಿ ದೊಡ್ಡ ಅಕ್ಷರ ಸಣ್ಣ ಅಕ್ಷರ ಬೆರೆಸಿದರೆ ವಿಂಡೋಸ್ ಮತ್ತು ಮ್ಯಾಕ್ ಸಾಮಾನ್ಯವಾಗಿ ಎರಡನ್ನೂ ಒಂದೇ ಅಂತ ನೋಡುತ್ತವೆ, ಲಿನಕ್ಸ್ ಬೇರೆ ಬೇರೆ ಅನ್ನುತ್ತದೆ. ಲಿನಕ್ಸ್‌ನಲ್ಲೇ ಇಂಟೆಲ್ ಥರದ ಪ್ರೊಸೆಸರ್ ಇದ್ದರೆ ಒಂದು ಅಕ್ಷರ ಇಡುವ ‘ಚಾರ್’ ಟೈಪ್‌ನಲ್ಲಿ ಋಣ ಸಂಖ್ಯೆ ಇಡಬಹುದು, ಆರ್ಮ್ ಪ್ರೊಸೆಸರ್ ಇದ್ದರೆ ಸಾಮಾನ್ಯವಾಗಿ ಆಗುವುದಿಲ್ಲ. ಹುಡುಗರು ಒಬ್ಬರ ಸ್ಕ್ರೀನ್‌ಗೆ ಇನ್ನೊಬ್ಬರು ಬಗ್ಗಿ ನೋಡುತ್ತಾರೆ, ಜಗಳ ಆಡುತ್ತಾರೆ, ಕಾರಣ ಹುಡುಕುತ್ತಾರೆ. ನನಗೆ ಇಡೀ ವರ್ಷದಲ್ಲಿ ಇಷ್ಟದ ಲ್ಯಾಬ್ ಅದು.

ಆದರೂ ಗಮನಿಸಿ, ಆ ಮಧ್ಯಾಹ್ನ ತಪ್ಪು ಸಿಕ್ಕಿದ್ದು ಅವಳ ಲ್ಯಾಪ್‌ಟಾಪ್ ಒಂದರಿಂದಲೇ ಅಲ್ಲ. ಪಕ್ಕದಲ್ಲಿ ಹೋಲಿಸಿ ನೋಡಲು ಎಲ್ಲರಿಗೂ ಸೇರಿದ ಇನ್ನೊಂದು ಯಂತ್ರ ಇತ್ತು. ಅದೂ ಇಲ್ಲದಿದ್ದರೆ ಅವಳು ಸರಿ ಉತ್ತರದ ಜೊತೆ ಮನೆಗೆ ಹೋಗುತ್ತಿದ್ದಳು.

ವೈರ್, ವೈಫೈ, ಕುತ್ತಿಗೆ

ಕೆಲವು ವಿಷಯಗಳನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಇವು ಲ್ಯಾಬ್ ನೋಡಿಕೊಳ್ಳುವ ಎಲ್ಲರಿಗೂ ಗೊತ್ತು. ಹಳೆಯ ಸಿಸ್ಟಮ್‌ಗಳಿಗೆ ಪ್ರತಿಯೊಂದಕ್ಕೂ ನೆಟ್‌ವರ್ಕ್ ಕೇಬಲ್ ಇತ್ತು. ಲ್ಯಾಪ್‌ಟಾಪ್‌ಗಳೆಲ್ಲ ವೈಫೈ ಮೇಲೆ. ವೈಫೈ ಅಂದರೆ ಒಂದೇ ಗಾಳಿಯನ್ನು ಎಲ್ಲರೂ ಹಂಚಿಕೊಳ್ಳುವುದು. ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು. ಎಲ್ಲರ ಯಂತ್ರದಲ್ಲೂ ಒಂದೇ ವಾತಾವರಣ ಇರಲಿ ಅಂತ 4 ಜಿಬಿಯ ಒಂದು ವರ್ಚುವಲ್ ಮಷೀನ್ (ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್ ರೂಪದಲ್ಲಿ ಓಡುವ ಇನ್ನೊಂದು ಕಂಪ್ಯೂಟರ್) ಕೊಟ್ಟೆವು ಅಂದುಕೊಳ್ಳಿ. ಅರವತ್ತು ಜನಕ್ಕೆ 240 ಜಿಬಿ. ಕೋಣೆಗೆಲ್ಲ ಸೇರಿ ಸೆಕೆಂಡಿಗೆ 300 ಮೆಗಾಬಿಟ್ ಸಿಕ್ಕರೂ ಅದು ಇಳಿಯಲು ಒಂದೂಮುಕ್ಕಾಲು ಗಂಟೆ ಬೇಕು. ಲ್ಯಾಬ್ ಅಲ್ಲಿಗೇ ಮುಗಿಯಿತು. ಹಳೆಯ ವೈಫೈ ಕಾರ್ಡ್ ಇರುವ ಲ್ಯಾಪ್‌ಟಾಪ್ ಅಷ್ಟೇ ಡೇಟಾ ಕಳಿಸಲು ಜಾಸ್ತಿ ಹೊತ್ತು ತಗೊಳ್ಳುತ್ತದೆ. ಆ ಹೊತ್ತು ಉಳಿದವರೂ ಕಾಯುತ್ತಾರೆ. ಹಾಗಾಗಿ ಒಬ್ಬನ ಹಳೆಯ ಯಂತ್ರದ ಕಷ್ಟ ಇಡೀ ಕೋಣೆಗೆ ಹಂಚಿಕೆ ಆಗುತ್ತದೆ, ಆದರೆ ನಾಚಿಕೆ ಮಾತ್ರ ಅವನೊಬ್ಬನ ಪಾಲಿಗೆ.

ಹಾಗೆ ಇಳಿಸಿಕೊಂಡ ವರ್ಚುವಲ್ ಮಷೀನ್ ಎಲ್ಲರಲ್ಲೂ ಓಡುತ್ತದಾ ಅಂದರೆ ಅದೂ ಇಲ್ಲ. 4 ಜಿಬಿ ರ್‍ಯಾಮ್ ಇರುವ ಲ್ಯಾಪ್‌ಟಾಪ್‌ನಲ್ಲಿ ಅದು ಏದುಸಿರು ಬಿಡುತ್ತದೆ. 2020ರ ನವೆಂಬರ್‌ನಲ್ಲಿ ಎಂ1 ಚಿಪ್‌ನ ಮ್ಯಾಕ್‌ಗಳು ಬಂದ ಮೇಲೆ ಇಂಟೆಲ್‌ಗಾಗಿ ಮಾಡಿಟ್ಟ ನಮ್ಮ ಫೈಲ್ ಅವುಗಳಲ್ಲಿ ಸರಿಯಾಗಿ ಓಡಲಿಲ್ಲ, ಬೇರೆಯದೇ ಮಾಡಬೇಕಾಯಿತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಸುರಕ್ಷತೆಯ ಚಿಪ್ ಮತ್ತು ಸಾಕಷ್ಟು ಹೊಸ ಪ್ರೊಸೆಸರ್ ಬೇಕು. ಅಣ್ಣನೋ ಅಕ್ಕನೋ ಓದಿ ಮುಗಿಸಿ ಕೊಟ್ಟ ಲ್ಯಾಪ್‌ಟಾಪ್ ಹಿಡಿದು ಬರುವ ಹುಡುಗರ ಮೇಲೆ ಇದರ ಪೆಟ್ಟು ನೇರವಾಗಿ ಬೀಳುತ್ತದೆ. ಲ್ಯಾಬ್‌ನ ಸಿಸ್ಟಮ್ ಹಳೆಯದಾದರೆ ಅದು ಬಜೆಟ್‌ನ ಪ್ರಶ್ನೆ. ಇದು ಯಾರ ಬಜೆಟ್?

ಕುತ್ತಿಗೆಯ ಮಾತೂ ಇದೆ. ಲ್ಯಾಪ್‌ಟಾಪ್‌ನ ಸ್ಕ್ರೀನ್ ಕೀಬೋರ್ಡ್‌ಗೆ ಅಂಟಿಕೊಂಡೇ ಇರುತ್ತದೆ. ಸ್ಕ್ರೀನ್ ಕಣ್ಣಿನ ಎತ್ತರಕ್ಕೆ ಬಂದರೆ ಕೈಗೆ ಕಷ್ಟ, ಕೀಬೋರ್ಡ್ ಕೈಗೆ ಸರಿಯಾದರೆ ಕತ್ತು ಬಗ್ಗಬೇಕು. ಮೂರು ಗಂಟೆಯ ಲ್ಯಾಬ್ ಮುಗಿದಾಗ ಹುಡುಗರು ಎದ್ದು ಕುತ್ತಿಗೆ ಹಿಡಿದುಕೊಳ್ಳುವುದನ್ನು ನೋಡಿದರೆ, ಸಿಸ್ಟಮ್ ಜೊತೆ ಮಾನಿಟರ್‌ಗಳನ್ನೂ ಯಾಕೆ ತೆಗೆದೆವೋ ಅನ್ನಿಸುತ್ತದೆ.

ಕೀಬೋರ್ಡ್ ಮೇಲೆ ಕೈ ಇಡುವುದು

ಯಾವ ಹಾಳೆಯಲ್ಲೂ ಬರೆದಿರದ ಒಂದು ಬದಲಾವಣೆಯನ್ನು ನಾನು ತಡವಾಗಿ ಗಮನಿಸಿದೆ. ಮೊದಲು ಯಾರಾದರೂ ಸಿಕ್ಕಿಹಾಕಿಕೊಂಡರೆ ನಾನು ಹೋಗಿ, ಸ್ವಲ್ಪ ಪಕ್ಕಕ್ಕೆ ಸರಿ ಅಂತ ಹೇಳಿ, ಕೀಬೋರ್ಡ್ ಎಳೆದುಕೊಳ್ಳುತ್ತಿದ್ದೆ. ಪಕ್ಕದ ಗೆಳೆಯರೂ ಅಷ್ಟೇ. ಒಂದು ಸ್ಕ್ರೀನ್ ಮುಂದೆ ಮೂರು ತಲೆ, ಆರು ಕೈ. ಯಾರ ಸಿಸ್ಟಮ್ ಅನ್ನುವ ಪ್ರಶ್ನೆಯೇ ಇರಲಿಲ್ಲ. ಈಗ ಹಾಗೆ ಕೈ ಇಡಲು ಆಗುವುದಿಲ್ಲ. ಅದು ಅವರ ಫೋಟೋ, ಅವರ ಮೆಸೇಜು, ಅವರ ಮನೆ ಇರುವ ಜಾಗ.

ಒಮ್ಮೆ ಒಬ್ಬಳ ಪ್ರೋಗ್ರಾಂ ನೋಡುತ್ತಾ ನಿಂತಿದ್ದೆ. ಸ್ಕ್ರೀನ್‌ನ ಮೂಲೆಯಲ್ಲಿ ಒಂದು ಮೆಸೇಜ್ ಮೂಡಿತು. ಮನೆಯ ಯಾವುದೋ ಕಷ್ಟದ ಸುದ್ದಿ. ನಾನು ಓದಬಾರದಿತ್ತು, ಆದರೆ ಕಣ್ಣು ಓದಿಬಿಟ್ಟಿತು. ಅವಳು ತಟ್ಟನೆ ಮುಚ್ಚಳ ಅರ್ಧ ಮುಚ್ಚಿದಳು. ಇಬ್ಬರೂ ಏನೂ ಆಗಿಲ್ಲದ ಹಾಗೆ ಪಾಯಿಂಟರ್ ಬಗ್ಗೆ ಮಾತು ಮುಂದುವರಿಸಿದೆವು. ಅವಳ ಗಮನ ಅಲ್ಲಿರಲಿಲ್ಲ, ನನ್ನದೂ ಇರಲಿಲ್ಲ. ಆವತ್ತಿನಿಂದ ಒಂದು ಹೆಜ್ಜೆ ಹಿಂದೆ ನಿಂತೇ ನೋಡುತ್ತೇನೆ. ಅಲ್ಲಿಂದ ಅಕ್ಷರ ಸರಿಯಾಗಿ ಕಾಣದಿದ್ದರೆ, ಫೈಲನ್ನು ಸರ್ವರ್‌ಗೆ ಹಾಕು, ಲ್ಯಾಬ್ ಸಿಸ್ಟಮ್‌ನಲ್ಲಿ ತೆರೆದು ಇಬ್ಬರೂ ನೋಡೋಣ ಅನ್ನುತ್ತೇನೆ. ಆ ಸಿಸ್ಟಮ್ ಮುಂದೆ ಕೂತ ತಕ್ಷಣ ಇಬ್ಬರ ಭುಜವೂ ಸಡಿಲಾಗುತ್ತದೆ. ಹೇಳಿಕೊಳ್ಳುವಷ್ಟು ದೊಡ್ಡ ಕಾರಣ ಇದಲ್ಲ ಅಂತ ಸಭೆಗಳಲ್ಲಿ ಇದನ್ನು ಎತ್ತಿರಲಿಲ್ಲ. ಎತ್ತಬೇಕಿತ್ತು.

ಪಕ್ಕದವರ ಸ್ಕ್ರೀನ್ ಬಗ್ಗೆ ಹೇಳುವುದಾದರೆ, 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ನೆನಪಿದೆ. ಫರಿಯಾ ಸಾನಾ ಮತ್ತು ಜೊತೆಯವರು ಮಾಡಿದ್ದು. ಪಾಠದ ನಡುವೆ ಲ್ಯಾಪ್‌ಟಾಪ್‌ನಲ್ಲಿ ಬೇರೆ ಕೆಲಸ ಮಾಡಿದವರ ಅಂಕ ಕಮ್ಮಿಯಾಯಿತು, ಅವರ ಸ್ಕ್ರೀನ್ ಕಣ್ಣಿಗೆ ಬೀಳುವ ಜಾಗದಲ್ಲಿ ಕೂತವರ ಅಂಕವೂ ಕಮ್ಮಿಯಾಯಿತು. ಅದು ಪಾಠದ ಕೋಣೆ, ಲ್ಯಾಬ್ ಅಲ್ಲ. ಲ್ಯಾಬ್‌ನಲ್ಲಿ ಕೈಗೆ ಕೆಲಸ ಇರುತ್ತದೆ, ಹಾಗಾಗಿ ನಾನು ಅಷ್ಟು ಚಿಂತೆ ಮಾಡುವುದಿಲ್ಲ. ಪ್ರೋಗ್ರಾಂ ಓಡದೆ ಬೇಸತ್ತಾಗ ಮಾತ್ರ ಕಣ್ಣು ಬೇರೆ ಕಿಟಕಿಗೆ ಹೋಗುತ್ತದೆ. ಆಗ ಬೈಯುವುದಕ್ಕಿಂತ ಹತ್ತಿರ ಹೋಗಿ ಎಲ್ಲಿ ನಿಂತಿದೆ ಅಂತ ಕೇಳುವುದು ಜಾಸ್ತಿ ಉಪಯೋಗ.

ಕಾರಣ ಕೇಳುವ ಖಾನೆ

ನಮ್ಮಲ್ಲಿ ಸಾಲ ಕೊಡಲು ನಾಲ್ಕು ಲ್ಯಾಪ್‌ಟಾಪ್‌ಗಳಿದ್ದವು. ಯಾರೂ ತಗೊಳ್ಳುತ್ತಿರಲಿಲ್ಲ. ಬೇಡಿಕೆ ಇಲ್ಲ ಅಂತ ವರದಿಯಲ್ಲಿ ಬರೆಯುತ್ತಿದ್ದೆವು. ಗೋಡೆ ಪಕ್ಕದ ಹುಡುಗನ ಘಟನೆ ಆದಮೇಲೆ ಆ ಅರ್ಜಿಯನ್ನು ತೆಗೆದು ನೋಡಿದೆ. ಹೆಸರು, ನಂಬರ್, ಎಷ್ಟು ದಿನ. ಅದರ ಕೆಳಗೆ ‘ಸ್ವಂತ ಲ್ಯಾಪ್‌ಟಾಪ್ ಇಲ್ಲದಿರಲು ಕಾರಣ’ ಅಂತ ನಾಲ್ಕು ಸಾಲಿನ ಖಾಲಿ ಜಾಗ. ಅಲ್ಲಿ ಏನು ಬರೆಯಬೇಕು ಒಬ್ಬ ಹುಡುಗ? ಬರೆದದ್ದನ್ನು ಕೌಂಟರ್‌ನಲ್ಲಿ ಕೊಟ್ಟು, ಯಾರೋ ಓದುವಾಗ ಎದುರಿಗೆ ನಿಂತಿರಬೇಕು. ಆ ಖಾನೆ ತೆಗೆಸಲು ಒಂದು ಸೆಮಿಸ್ಟರ್ ಹಿಡಿಯಿತು. ತೆಗೆದ ತಿಂಗಳಲ್ಲೇ ನಾಲ್ಕೂ ಹೊರಗೆ ಹೋದವು. ಅದರಲ್ಲಿ ಒಂದನ್ನು ಗೋಡೆ ಪಕ್ಕದ ಹುಡುಗ ತಗೊಂಡ. ಮರುವಾರ ಎರಡನೇ ಸಾಲಿನಲ್ಲಿ ಕೂತಿದ್ದ. ಅವನು ತುಂಬಾ ಪ್ರಶ್ನೆ ಕೇಳುವ ಹುಡುಗ ಅಂತ ಆಗ ಗೊತ್ತಾಯಿತು.

ಇನ್ನು ಕೆಲವನ್ನು ಬದಲಾಯಿಸಿದ್ದೇವೆ. ಅಂಕ ಕೊಡುವುದು ಸರ್ವರ್‌ನಲ್ಲಿ ಓಡಿದ ಪ್ರೋಗ್ರಾಂಗೆ ಮಾತ್ರ. ಅಲ್ಲಿಗೆ ಯಾವ ಯಂತ್ರದಿಂದಲಾದರೂ ಹೋಗಬಹುದು, ಬ್ರೌಸರ್ ಒಂದಿದ್ದರೆ ಸಾಕು. ಕೂತ ಜಾಗಕ್ಕೆ ಫೈಲ್ ಬರಬೇಕು ಅನ್ನುವ ಅಥೀನಾದ ಆ ಹಳೆಯ ಆಸೆ ಈಗ ಎಷ್ಟೋ ಸುಲಭದಲ್ಲಿ ಸಿಗುತ್ತದೆ. ಲ್ಯಾಬ್ ಪರೀಕ್ಷೆ ಮಾತ್ರ ಎಲ್ಲರಿಗೂ ಒಂದೇ ಥರದ ಸಿಸ್ಟಮ್‌ನಲ್ಲೇ ಆಗಬೇಕು ಅನ್ನುವುದು ನನ್ನ ಹಟ. ಮೂರು ಗಂಟೆಯಲ್ಲಿ ಒಬ್ಬನ ಯಂತ್ರ ಅಪ್‌ಡೇಟ್‌ಗೆ ಅಂತ ಇಪ್ಪತ್ತು ನಿಮಿಷ ತಿಂದರೆ ಅದು ಅವನ ಜ್ಞಾನದ ಪರೀಕ್ಷೆ ಆಗುವುದಿಲ್ಲ. ಈಗ ಒಂಬತ್ತು ಸಿಸ್ಟಮ್‌ಗಳಲ್ಲಿ ಅರವತ್ತು ಜನಕ್ಕೆ ಬ್ಯಾಚ್ ಮಾಡಿ ಪರೀಕ್ಷೆ ಮಾಡುವುದು ಅಂದರೆ ಹಲವು ದಿನದ ಕೆಲಸ. ಮಾಡುತ್ತಿದ್ದೇವೆ.

ಬಾಗಿಲಲ್ಲಿ ನಿಂತು ಕೇಳಿದ ಹುಡುಗಿಗೆ ಆ ದಿನ, ಕೋರ್ಸ್ ತಗೋ, ಇಲ್ಲೇ ಕೂತು ಮಾಡಬಹುದು ಅಂತ ಹೇಳಿದೆ. “ಯಾವ ಸಿಸ್ಟಮ್ ಮೇಡಂ?” ಅಂದಳು. ಕಿಟಕಿ ಪಕ್ಕದ್ದನ್ನು ತೋರಿಸಿದೆ. ಅದರ ಮಾನಿಟರ್ ದೊಡ್ಡದು. ಎರಡನೇ ವಾರದಿಂದ ಅವಳ ಪಕ್ಕದಲ್ಲಿ ಇನ್ನೊಬ್ಬಳು ಕೂರುತ್ತಾಳೆ. ಅವಳ ಬ್ಯಾಗಿನಲ್ಲಿ ಒಳ್ಳೆಯ ಲ್ಯಾಪ್‌ಟಾಪ್ ಇದೆ, ಕೆಲವು ದಿನ ಅದನ್ನು ತೆರೆಯುವುದೇ ಇಲ್ಲ.

ಮುಂದಿನ ವರ್ಷಕ್ಕೆ ಬೇಕಾದವುಗಳ ಪಟ್ಟಿ ಕಳಿಸಿದ್ದೆ. ಕೆಟ್ಟ ಮೂರರ ರಿಪೇರಿ, ಹೊಸದಾಗಿ ಎಂಟು ಸಿಸ್ಟಮ್, ಇಪ್ಪತ್ತು ಮಾನಿಟರ್, ಎಲ್ಲ ಸಾಲಿಗೂ ಪ್ಲಗ್ ಪಾಯಿಂಟ್. ಪಟ್ಟಿ ವಾಪಸ್ ಬಂದಿದೆ. ಎಂಟು ಸಿಸ್ಟಮ್ ಅನ್ನುವುದರ ಎದುರಿಗೆ ಪೆನ್ಸಿಲ್‌ನಲ್ಲಿ ‘ವಿದ್ಯಾರ್ಥಿಗಳ ಬಳಿ ಇದೆಯಲ್ಲವೇ?’ ಅಂತ ಬರೆದಿದ್ದಾರೆ. ಗುರುವಾರ ಸಭೆ. ಈ ಸಲ ಎಣಿಸಿಕೊಂಡು ಹೋಗುತ್ತಿದ್ದೇನೆ. ಎಷ್ಟು ಜನರ ಬಳಿ ಇದೆ, ಎಷ್ಟು ಜನರದ್ದು ಚಾರ್ಜರ್ ತೆಗೆದರೂ ಒಂದು ಗಂಟೆ ಓಡುತ್ತದೆ, ಎಷ್ಟು ಜನ ಅಣ್ಣ ತಮ್ಮಂದಿರ ಜೊತೆ ಹಂಚಿಕೊಳ್ಳುತ್ತಾರೆ ಅಂತ. ಹೆಸರು ಬರೆಯಬೇಡಿ ಅಂತ ಹೇಳಿ ಚೀಟಿ ಹಂಚಿದ್ದೆ. ಐವತ್ತೇಳು ಚೀಟಿ ವಾಪಸ್ ಬಂದಿವೆ. ಇನ್ನೂ ಮೂರು ಬರಬೇಕು.